ಅಟ್ಟದಿಂದ ಇಳಿಸಿದ ಎರಡು ಸಲ

ನಮ್ಮ ಯಜಮಾನರಿಗೆ ತೆಂಗಿನಕಾಯಿಗಳ ಒಳಗಿನಿಂದ ಮಾತು ಕೇಳಿಸತೊಡಗಿದಾಗ ನನಗಿನ್ನೂ ಮೂವತ್ತು ದಾಟಿರಲಿಲ್ಲ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ತುರುವೇಕೆರೆ ರಸ್ತೆಯ ಪಕ್ಕದ ಊರು ನಮ್ಮದು. ಎಲ್ಲರ ಮನೆಯಂತೆ ನಮ್ಮಲ್ಲೂ ಅಟ್ಟದ ತುಂಬ ಕಾಯಿ. ವರ್ಷಗಟ್ಟಲೆ ಅಲ್ಲೇ ಒಣಗಿ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಲೊಟಲೊಟ ಅನ್ನಬೇಕು. ಆಮೇಲೆ ಸುಲಿದು ತಿಪಟೂರಿನ ಮಂಡಿಗೆ ಹಾಕುವುದು. ಯಜಮಾನರು ಕಡಿಮೆ ಮಾತಿನವರು. ಆಳುಗಳನ್ನೂ ಗದರಿದವರಲ್ಲ.

ಮೊದಲು ಅವರಿಗೆ ನಿದ್ದೆ ಬಾರದಾಯಿತು, ಆಮೇಲೆ ಊಟ ಸೇರದಾಯಿತು. ಒಂದು ಬೆಳಿಗ್ಗೆ ಅಟ್ಟ ಹತ್ತಿ ಏಣಿಯನ್ನು ಮೇಲಕ್ಕೆ ಎಳೆದುಕೊಂಡರು. "ಕಾಯಿಗಳು ನನ್ನ ಹೆಸ್ರು ಹಿಡ್ದು ಬೈತಾವೆ ಕಣೇ, ಯಾರೂ ಹತ್ರ ಬರ್ಬ್ಯಾಡಿ" ಎಂದು ಕೂಗಿದರು. ಮೈದುನ ಪಕ್ಕದ ಮನೆಯಿಂದ ಏಣಿ ತಂದು ಹತ್ತಲು ಹೋದಾಗ ಅವನ ಮೇಲೆ ಕಾಯಿ ಎಸೆದರು. ಅವನು ಹೆದರಿ ಸೈಕಲ್ಲೇರಿ ಪೊಲೀಸ್ ಸ್ಟೇಷನ್ನಿಗೆ ಹೋದ.

ಜೀಪು ಬೀದಿಯ ತುದಿಗೆ ಬಂದು ನಿಂತಾಗ ಅರ್ಧ ಊರು ನಮ್ಮ ನಡುಮನೆಯಲ್ಲಿತ್ತು. "ಕಾಯಿ ಮಾತಾಡ್ತಾವಂತೆ! ಏನಂತಾವೋ ನಮ್ಗೂ ಹೇಳಯ್ಯ" ಎಂದು ಪೊಲೀಸರೊಬ್ಬರು ನಕ್ಕರು. ಜೊತೆಗೆ ಜನವೂ ನಕ್ಕಿತು. ಏಣಿ ಹತ್ತಿದ ಕಾನ್‌ಸ್ಟೇಬಲ್‌ ಒಬ್ಬರ ಹುಬ್ಬಿಗೆ ಕಾಯಿ ಬಿದ್ದು ರಕ್ತ ಸುರಿಯಿತು. ಆಮೇಲೆ ಯಾರೂ ನಗಲಿಲ್ಲ. ಲಾಠಿ ಏಟು ಬಿದ್ದವು, ಕೈಗೆ ಹಗ್ಗ ಬಿತ್ತು. ಏಣಿಯಿಂದ ಎಳೆದು ಇಳಿಸುವಾಗ ಅವರ ಪಂಚೆ ಕಳಚಿಹೋಯಿತು. ಅದೇ ಸ್ಥಿತಿಯಲ್ಲಿ ಬೀದಿಯುದ್ದಕ್ಕೂ ಜೀಪಿನವರೆಗೆ ನಡೆಸಿದರು. ಹೆಂಗಸರು ಮುಖ ತಿರುಗಿಸಿಕೊಂಡರು. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡು ಗೋಡೆಗೆ ಅಂಟಿ ನಿಂತೆ.

ಪೊಲೀಸರು ಒಯ್ದು ಸೇರಿಸಿದ್ದ ಬೆಂಗಳೂರಿನ ಮಾನಸಿಕ ಆಸ್ಪತ್ರೆಯಿಂದ ಕೆಲವು ತಿಂಗಳಿಗೆ ವಾಪಸು ಬಂದರು. ಬಡಕಲಾಗಿದ್ದರು, ಆದರೆ ಮೊದಲಿನ ಮನುಷ್ಯ. ಮಾತ್ರೆ ನುಂಗಿ ತೋಟಕ್ಕೆ ಹೋಗುತ್ತಿದ್ದರು. ಊರಲ್ಲಿ ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೆ ಜಗಳವಾದರೂ ಆಡಬಹುದಿತ್ತು. ನಾನು ಬಾವಿಯ ಹತ್ತಿರ ಬಂದ ಕೂಡಲೇ ಮಾತು ನಿಲ್ಲುತ್ತಿತ್ತು. ಯಾರೂ ಇರದ ಸುಡುಬಿಸಿಲ ಹೊತ್ತು ನೋಡಿಕೊಂಡು ನೀರಿಗೆ ಹೋಗುವುದು ರೂಢಿಯಾಯಿತು.

ಆಗ ಬೆಂಗಳೂರಿನ ಡಾಕ್ಟರೊಬ್ಬರು ತಿಂಗಳಿಗೊಮ್ಮೆ ತಾಲ್ಲೂಕು ಆಸ್ಪತ್ರೆಗೆ ಬರುತ್ತಿದ್ದರು. ಒಂದು ಸಲ ಮಾತ್ರೆ ಬರೆದುಕೊಟ್ಟು, "ಇಂಥ ಕಾಯಿಲೆಯವರ ಜೊತೆ ಹೇಗೆ ನಡ್ಕೋಬೇಕು ಅಂತ ಪೊಲೀಸರಿಗೆ ಒಂದು ದಿನ ತರಬೇತಿ ಕೊಡ್ತಾ ಇದ್ದೀನಿ. ನೀವು ಬಂದು ನಿಮ್ಮ ಅನುಭವ ಹೇಳ್ತೀರಾ?" ಎಂದು ಇವರನ್ನು ಕೇಳಿದರು. ನಾನು ತಕ್ಷಣ, "ಬ್ಯಾಡಿ ಡಾಕ್ಟ್ರೇ, ಆಗಿರೋ ಮರ್ಯಾದೆ ಸಾಕು" ಅಂದೆ. ಇವರು ನನ್ನ ಕಡೆ ನೋಡದೆ, "ಬತ್ತೀನಿ" ಅಂದರು.

ಸ್ಟೇಷನ್ನಿನ ಹಿಂದಿನ ಜಗಲಿಯಲ್ಲಿ ಬೆಂಚು ಹಾಕಿದ್ದರು. ಖಾಕಿ ಬಟ್ಟೆಯ ಅಷ್ಟು ಗಂಡಸರ ನಡುವೆ ನಾನೊಬ್ಬಳೇ ಹೆಂಗಸು. ಮೊದಲು ಗುಂಪು ಚದುರಿಸಿ, ಒಬ್ಬರೇ ಮೆಲ್ಲಗೆ ಮಾತಾಡಿ, ಕಾಯಿಲೆಯವರಿಗೆ ಕೇಳಿಸುವ ದನಿಗೆ ನಗಬೇಡಿ ಎಂದು ಡಾಕ್ಟರು ಹೇಳುತ್ತಿದ್ದರು. ಒಬ್ಬರು ಎದ್ದು, "ಅವ್ನು ಕಲ್ಲು ಬೀಸ್ತಿದ್ರೆ ನಾವು ಆರತಿ ಎತ್ತದಾ ಸಾರ್?" ಅಂದರು. ಬೆಂಚುಗಳೆಲ್ಲ ನಕ್ಕವು.

ಯಜಮಾನರು ಎದ್ದು ನಿಂತರು. ಹುಬ್ಬಿನ ಮೇಲೆ ಗಾಯದ ಗುರುತಿದ್ದ ಕಾನ್‌ಸ್ಟೇಬಲ್‌ಗೆ ಕೈಮುಗಿದು, "ನಿಮ್ಗೆ ಹೊಡ್ದೋನು ನಾನೇ ಸ್ವಾಮಿ, ತಪ್ಪಾಯ್ತು" ಅಂದರು. ಆಮೇಲೆ ನಿಧಾನವಾಗಿ, "ಹುಚ್ಚಂಗೇನು ತಿಳೀತೈತೆ ಅಂತ ನೀವು ಅಂದ್ಕಂಡ್ರಿ. ನಂಗೆ ಎಲ್ಲಾ ಗ್ಯಾಪ್ಕ ಐತೆ. ಏಟು ಮರ್ತೋಯ್ತು. ಬೀದೀಲಿ ಪಂಚೆ ಇಲ್ದಂಗೆ ನಡಿಸ್ಕಂಡು ಹೋದ್ರಲ್ಲ, ಒಂದು ಟವೆಲ್ಲಾದ್ರೂ ಸುತ್ತಬೋದಾಗಿತ್ತು" ಅಂದರು.

ಆ ದಿನದ ಮಾತು ನಮ್ಮ ಮನೆಯಲ್ಲಿ ಒಮ್ಮೆಯೂ ಬಂದಿರಲಿಲ್ಲ. ಅವರಿಗೆ ಏನೂ ನೆನಪಿಲ್ಲ ಎಂದೇ ನಾನು ಸಮಾಧಾನ ಮಾಡಿಕೊಂಡಿದ್ದೆ. ಎಲ್ಲ ಗೊತ್ತಿದ್ದೂ ಅದೇ ಬೀದಿಯಲ್ಲಿ ದಿನವೂ ತೋಟಕ್ಕೆ ನಡೆದಿದ್ದರು! ಅಷ್ಟು ಜನರೆದುರು ಅದನ್ನು ಕೇಳಿ ನನ್ನ ಕಿವಿ ಸುಟ್ಟಂತಾಯಿತು, ತಲೆ ಎತ್ತಲಾಗಲಿಲ್ಲ. ಆರತಿಯ ಮಾತಾಡಿದವರೂ ನೆಲ ನೋಡುತ್ತಿದ್ದರು.

ಒಂದೆರಡು ವರ್ಷ ಚೆನ್ನಾಗಿದ್ದರು. ವಾಸಿಯಾಯಿತೆಂದು ಮಾತ್ರೆ ಬಿಟ್ಟರು, ಮತ್ತೆ ಅಟ್ಟ ಹತ್ತಿದರು. ಪೊಲೀಸರು ಬೇಡವೆಂದು ನಾನು ಅತ್ತರೂ ಮೈದುನ ಕರೆತಂದ. ಈ ಸಲ ಬಂದವರು ಹುಬ್ಬಿನ ಗಾಯದ ಕಾನ್‌ಸ್ಟೇಬಲ್‌ ಮತ್ತು ಜೊತೆಗೊಬ್ಬರು. ಜನರನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿದರು. ಆ ಕಾನ್‌ಸ್ಟೇಬಲ್ ಟೋಪಿ, ಲಾಠಿ ಜೊತೆಯವರ ಕೈಗೆ ಕೊಟ್ಟು, ಅಟ್ಟದ ಕೆಳಗೆ ಸ್ವಲ್ಪ ದೂರದಲ್ಲಿ ನೆಲದ ಮೇಲೆ ಕೂತರು.

"ಅಣ್ಣ, ನಾನು ಕಣ್ರೀ. ಇನ್ನೊಂದು ಹುಬ್ಬಾದ್ರೂ ಉಳ್ಸಿ."

"ಬೈತಾವೆ ಕಣಪ್ಪ. ನಿಂಗೆ ಕೇಳ್ತಿಲ್ವಾ?"

"ಇಲ್ಲ, ನಂಗೆ ಕೇಳ್ತಿಲ್ಲ. ನಿಮ್ಗೆ ಭಯ ಆಗ್ತೈತಾ?"

ಅಟ್ಟದಿಂದ, "ಊಂ, ಆಗ್ತೈತೆ" ಎಂಬ ಮಾತು ಬಂತು.

ಮಳೆ, ಮಂಡಿ, ಅಮ್ಮಸಂದ್ರದ ಸಿಮೆಂಟ್ ಫ್ಯಾಕ್ಟರಿ ಎಂದು ಏನೇನೋ ಮಾತಾಡಿದರು. ನಾನು ಎರಡು ಸಲ ಕಾಫಿ ಮಾಡಿದೆ. ಬಿಸಿಲು ಇಳಿಯುವ ಹೊತ್ತಿಗೆ ಯಜಮಾನರು ತಾವೇ ಏಣಿ ಇಳಿಬಿಟ್ಟು, ಪಂಚೆಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಇಳಿದು ಬಂದರು. ಕಾನ್‌ಸ್ಟೇಬಲ್‌ ಅವರ ಕೈ ಹಿಡಿಯಲಿಲ್ಲ, ಪಕ್ಕದಲ್ಲಿ ನಿಂತರು ಅಷ್ಟೆ.

ಮಾರನೆಯ ದಿನ ಬಸ್ಸಿನಲ್ಲಿ ಬೆಂಗಳೂರಿಗೆ ಹೊರಟೆವು. ಕಾನ್‌ಸ್ಟೇಬಲ್‌ ಮಾಮೂಲಿ ಅಂಗಿ ತೊಟ್ಟು ಜೊತೆಗೆ ಬಂದಿದ್ದರು. ಮುಂದಿನ ಸೀಟಿನ ಹೆಂಗಸು ಹಿಂದಕ್ಕೆ ತಿರುಗಿ, "ಎಲ್ಲಿಗಮ್ಮ ಹೊಂಟಿದ್ದು?" ಎಂದು ಕೇಳಿದಳು. "ಕಣ್ಣಾಸ್ಪತ್ರೆಗೆ" ಅಂದೆ. ಬಾಯಿಗೆ ಬಂದದ್ದು ಅದೇ.

ಕಿಟಕಿಯ ಕಡೆ ಮುಖ ಮಾಡಿದ್ದ ಯಜಮಾನರು ಇತ್ತ ತಿರುಗಿದರು. "ಕಣ್ಣು ಚೆಂದಾಗೈತೆ ಕಣಮ್ಮ. ನಂಗೆ ತಲೆ ಸರಿ ಇಲ್ಲ, ಅದ್ಕೆ ಹೋಗ್ತಿರಾದು" ಅಂದರು.

ಆ ಹೆಂಗಸು "ಶಿವನೇ" ಎಂದು ಮುಂದೆ ತಿರುಗಿಕೊಂಡಳು. ನಾನು ಬೆಂಗಳೂರು ಬರುವವರೆಗೂ ಮಡಿಲಲ್ಲಿದ್ದ ಬುತ್ತಿಯ ಗಂಟನ್ನೇ ನೋಡುತ್ತ ಕೂತಿದ್ದೆ.