ದಸ್ತಿ ಹಿಡಿದು ಸಾಲ್ಸಾ

ನನ್ನ ಗಂಡನಿಗೆ ಲಕ್ವಾ ಹೊಡೆದ ಮೇಲೆ ನಮ್ಮ ಮನೆಯಲ್ಲಿ ಜಗಳ ನಿಂತುಹೋಯಿತು. ಇದನ್ನು ಯಾರಿಗಾದರೂ ಹೇಳಿದರೆ ಒಳ್ಳೆಯದೇ ಆಯಿತಲ್ಲ ಅನ್ನುತ್ತಾರೆ. ಅವರು ಬೀದರಿನ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು, ದೊಡ್ಡ ಗಂಟಲು. ನಾನೂ ಏನು ಕಡಿಮೆಯವಳಲ್ಲ. ಪಲ್ಯಕ್ಕೆ ಉಪ್ಪು ಹೆಚ್ಚಾದರೆ ನಾವು ಊಟ ಮುಗಿಸುವ ಮೊದಲೇ ಚಿದ್ರಿಯ ನಮ್ಮ ಓಣಿಗೆಲ್ಲ ಆ ಸುದ್ದಿ ಗೊತ್ತಾಗಿರುತ್ತಿತ್ತು. ಲಕ್ವಾ ಅವರ ಬಲಭಾಗವನ್ನು ಹಿಡಿಯಿತು, ಮಾತನ್ನು ನಿಧಾನ ಮಾಡಿತು. ಕಾಲು ಅರ್ಧಕ್ಕರ್ಧ ವಾಪಸ್ ಬಂತು. ಕೈ ಬರಲಿಲ್ಲ.

ನಾನು ಅಳಲಿಲ್ಲ. ನೋಡಲು ಬಂದವರೆಲ್ಲ ನನ್ನನ್ನು ಗಟ್ಟಿ ಹೆಂಗಸು ಎಂದು ಹೊಗಳಿದರು. ಗಟ್ಟಿಯೂ ಇಲ್ಲ ಗಿಟ್ಟಿಯೂ ಇಲ್ಲ, ಒಳಗೆ ಏನೂ ಆಗುತ್ತಿರಲಿಲ್ಲ, ಅಷ್ಟೇ. ಬೆಳಿಗ್ಗೆ ಎದ್ದು ಆ ಕೈಗೆ ಎಣ್ಣೆ ಹಚ್ಚಿ ತಿಕ್ಕುತ್ತಿದ್ದೆ, ಉಗುರು ತೆಗೆಯುತ್ತಿದ್ದೆ, ಅಂಗಿಯ ತೋಳಿಗೆ ತೂರಿಸುತ್ತಿದ್ದೆ, ಆಮೇಲೆ ನಾನು ಕೆಲಸ ಮಾಡುವ ಕಾಲೇಜಿನ ಲೈಬ್ರರಿಗೆ ಹೋಗುತ್ತಿದ್ದೆ. ಪಾತ್ರೆ ತೊಳೆಯುವಾಗ ಪಾತ್ರೆಯ ಮೇಲೆ ಯಾರಿಗೆ ಪ್ರೀತಿ ಉಕ್ಕುತ್ತದೆ? ಸಾರಿಗೆ ಉಪ್ಪೇ ಇಲ್ಲದಿದ್ದರೂ ಅವರು ಸುಮ್ಮನೆ ಉಣ್ಣುತ್ತಿದ್ದರು. ಅವರು ನೀರಿನ ತಂಬಿಗೆ ಉರುಳಿಸಿದರೆ ನಾನು ಸುಮ್ಮನೆ ಒರೆಸುತ್ತಿದ್ದೆ. ಇರಲಿ ಬಿಡ್ರಿ, ಅನ್ನುತ್ತಿದ್ದೆ. ಎರಡು ವರ್ಷ ಹೀಗೆ ಹೋಯಿತು.

ಸಾಲ್ಸಾ ಕ್ಲಾಸಿನ ಸುದ್ದಿ ತಂದವಳು ನನ್ನ ನಾದಿನಿ. ಅವಳು ಭಾಲ್ಕಿಯಲ್ಲಿ ಶಾಲಾ ಶಿಕ್ಷಕಿ. ಮನೆಯಲ್ಲೂ ಶಿಕ್ಷಕಿಯೇ, ಎಲ್ಲರನ್ನೂ ಎಲ್ಲಿಗಾದರೂ ಸೇರಿಸುತ್ತಾಳೆ. ಪುಣೆಯಲ್ಲಿ ಕಲಿತು ಬಂದ ತರುಣನೊಬ್ಬ ಬೀದರಿನ ಒಂದು ಫಂಕ್ಷನ್ ಹಾಲಿನ ಮಹಡಿಯಲ್ಲಿ ಭಾನುವಾರ ಕುಣಿತ ಕಲಿಸುತ್ತಿದ್ದ. ಬಂದವರಿಗೆ ಬಂದಷ್ಟು ಎಂಬುದು ಅವನ ಪದ್ಧತಿ, ಯಾರಿಗೂ ಇಲ್ಲ ಅನ್ನುತ್ತಿರಲಿಲ್ಲ. ಫಿಜಿಯೊಥೆರಪಿ ಮಾಡುವ ಹುಡುಗಿ ಕೂಡ ಕಾಲಿಗೆ ಒಳ್ಳೆಯದು ಅಂದಳು. ನನಗೆ ಹೋಗಬೇಕೆಂದೂ ಇರಲಿಲ್ಲ, ಬೇಡವೆಂದೂ ಇರಲಿಲ್ಲ. ಭಾನುವಾರ ಬುದ್ಧ ವಿಹಾರದಲ್ಲಿ ವಂದನೆ ಮುಗಿಸಿ ಅಲ್ಲಿಂದಲೇ ಆಟೋ ಹಿಡಿದೆವು.

ಅಲ್ಲಿ ಕಾಲೇಜು ಹುಡುಗಿಯರಿದ್ದರು, ಹೊಸದಾಗಿ ಮದುವೆಯಾದವರಿದ್ದರು. ಔರಾದ ಕಡೆಯ ಡಾಬಕಾದಿಂದ ಬಸ್ಸು ಬದಲಿಸಿ ಬರುವ ನಿವೃತ್ತ ಮಾಸ್ತರರೊಬ್ಬರಿದ್ದರು. ಮಾಸ್ತರರ ಮೊಣಕಾಲು ಚೆನ್ನಾಗಿದ್ದವು, ತಾಳ ಮಾತ್ರ ಹತ್ತಿರ ಸುಳಿಯುತ್ತಿರಲಿಲ್ಲ. ಸಾಲ್ಸಾದಲ್ಲಿ ನಾಲ್ಕಕ್ಕೆ ಹೆಜ್ಜೆ ಇಲ್ಲ, ಎಣಿಸುವುದೂ ಇಲ್ಲ. ಒಂದು ಎರಡು ಮೂರು ಆದ ಮೇಲೆ ತರುಣ ಐದು ಅಂದಾಗ ಇವರು ನಿಂತುಬಿಡುತ್ತಿದ್ದರು, ನಾಲ್ಕು ಎಲ್ಲಿ ಹೋಯಿತೆಂದು ಕೇಳುತ್ತಿದ್ದರು. ನನ್ನ ಗಂಡನದು ಉಲ್ಟಾ. ಎಂಜಿನ್ನಿನ ಸದ್ದು ಕೇಳಿ ಬದುಕಿದ ಮನುಷ್ಯ, ತಾಳ ತಪ್ಪುತ್ತಿರಲಿಲ್ಲ. ಕಾಲು ಮಾತ್ರ ಯಾವಾಗಲೂ ಸ್ವಲ್ಪ ತಡವಾಗಿ ಬರುತ್ತಿತ್ತು.

ನಮ್ಮ ಕ್ಲಾಸಿನಲ್ಲಿ ಗಂಡಸರು ಹೆಂಗಸರ ಕೈ ಹಿಡಿಯುತ್ತಿರಲಿಲ್ಲ. ನಡುವೆ ಒಂದು ದಸ್ತಿ, ಅಂದರೆ ಕರ್ಚೀಫು. ಅದರ ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ಇವಳ ಕೈಯಲ್ಲಿ. ಅವನು ಎಳೆದ ಕಡೆಗೆ ಇವಳು ಹೆಜ್ಜೆ ಹಾಕಬೇಕು, ಮೇಲೆತ್ತಿದರೆ ಅದರ ಕೆಳಗೆ ಸುತ್ತಬೇಕು. ಮಾಸ್ತರರು ಇಸ್ತ್ರಿ ಮಾಡಿದ ಬಿಳಿ ದಸ್ತಿ ತರುತ್ತಿದ್ದರು. ಸಾಲ್ಸಾ ಅಂದರೆ ಜಗತ್ತಿನಲ್ಲೆಲ್ಲ ಹೀಗೇ ಎಂದು ನಾವು ತಿಳಿದಿದ್ದೆವು. ಪಾಪ, ಅದು ಆ ತರುಣನೇ ಹೂಡಿದ ಉಪಾಯ. ಬೀದರಿನ ಮನೆಗಳವರು ಹೆಣ್ಣುಮಕ್ಕಳನ್ನು ಕಳಿಸಬೇಕಲ್ಲ! ಅವನು ಬಾಯಿ ಬಿಡಲಿಲ್ಲ, ನಾವೂ ಕೇಳಲಿಲ್ಲ.

ಮೊದಲ ದಿನವೇ ನಾನು ದಸ್ತಿಯ ತುದಿಯನ್ನು ನನ್ನ ಗಂಡನ ಎಡಗೈಗೆ ಕೊಟ್ಟು, ಬಲಗೈಯನ್ನು ಅವರ ಪ್ಯಾಂಟಿನ ಕಿಸೆಯೊಳಗೆ ಇಟ್ಟೆ. ಅದು ಅಲ್ಲೇ ಉಳಿಯಿತು. ಜೋಡಿ ಬದಲಾದಾಗ ಹೊಸಬರು ಯಾರಾದರೂ ಎದುರಿಗೆ ಬಂದರೆ, ಆ ಕೈ ಬರಂಗಿಲ್ರಿ ಎಂದು ನಾನೇ ಮುಂದಾಗಿ ಹೇಳಿಬಿಡುತ್ತಿದ್ದೆ. ನನ್ನ ಗಂಡ ನೆಲ ನೋಡುತ್ತಾ ಕುಣಿಯುತ್ತಿದ್ದರು. ನಾನೂ ಕುಣಿದೆ, ಅಥವಾ ಕುಣಿಯುವ ಕಡೆ ಹಾಜರಿದ್ದೆ ಅನ್ನಬೇಕು.

ಮದುವೆಯ ಹಂಗಾಮು ಮುಗಿದು ಭಾಲ್ಕಿಯ ಮಂಗಲ ಕಾರ್ಯಾಲಯವೊಂದು ಖಾಲಿ ಬಿದ್ದಿದ್ದಾಗ ನಮ್ಮ ತರುಣ ಅಲ್ಲಿ ಕ್ಲಬ್ ನೈಟ್ ಇಟ್ಟ. ನೈಟ್ ಎಂದು ಹೆಸರು, ನಡೆದದ್ದು ಮಟಮಟ ಮಧ್ಯಾಹ್ನ. ಔರಾದದ ಬಸ್ಸು ತಪ್ಪಿದರೆ ಮಾಸ್ತರರ ಗತಿ ಏನು? ಕಿಟಕಿಗೆಲ್ಲ ಪರದೆ ಎಳೆದು, ಮದುವೆಯ ಬರಾತಿಗೆ ಹಾಕುವ ಬಣ್ಣದ ದೀಪ ಹಚ್ಚಿದ್ದರು. ಹೈದರಾಬಾದಿನಿಂದ ಚೆನ್ನಾಗಿ ಪಳಗಿದ ಕೆಲವರು ಬಂದಿದ್ದರು.

ಹಾಡು ಶುರುವಾಯಿತು. ಮಾಸ್ತರರು ಧೈರ್ಯ ಮಾಡಿ ಹೈದರಾಬಾದಿನ ಒಬ್ಬ ಹುಡುಗಿಯ ಮುಂದೆ ದಸ್ತಿ ಚಾಚಿದರು. ಅವಳು ಥ್ಯಾಂಕ್ಸ್ ಅಂಕಲ್ ಅಂದು ಅದರಿಂದ ಮುಖ ಒರೆಸಿಕೊಂಡು, ಮಡಚಿ ವಾಪಸ್ ಕೊಟ್ಟಳು. ಆಮೇಲೆ ಅವರ ಕೈ ಹಿಡಿದಳು. ಮಾಸ್ತರರು ಪ್ರಾರ್ಥನೆಗೆ ನಿಂತವರಂತೆ ಅಲುಗಾಡದೆ ನಿಂತರು. ನಮ್ಮವರೆಲ್ಲ ಒಬ್ಬರ ಮುಖ ಒಬ್ಬರು ನೋಡಿ ತಮ್ಮ ತಮ್ಮ ದಸ್ತಿಗಳನ್ನು ಒಳಗೆ ಹಾಕಿದರು.

ಆಗಲೇ ಜೀನ್ಸ್ ತೊಟ್ಟ, ನನ್ನಷ್ಟೇ ವಯಸ್ಸಿನ ಹೆಂಗಸೊಬ್ಬಳು ನನ್ನ ಗಂಡನ ಮುಂದೆ ಬಂದು ಎರಡೂ ಕೈ ಚಾಚಿದಳು. ಇವರು ಎಡಗೈ ಕೊಟ್ಟರು. ಅವಳು ಇನ್ನೊಂದಕ್ಕೆ ಕಾದಳು. ನಾನು ಮಾಮೂಲಿ ಮಾತು ಹೇಳಲು ಕುರ್ಚಿಯಿಂದ ಎದ್ದೆ. ಅವರು ನನ್ನನ್ನು ಒಮ್ಮೆ ನೋಡಿದರು. ಎಡಗೈ ಬಿಡಿಸಿಕೊಂಡು, ಅದರಿಂದಲೇ ಬಲಗೈಯನ್ನು ಕಿಸೆಯೊಳಗಿಂದ ಎಳೆದು ತೆಗೆದು ಅವಳ ಅಂಗೈಯಲ್ಲಿ ಇಟ್ಟರು. ಅವಳು ಆ ಕೈಯನ್ನು ತನ್ನ ಬೆನ್ನಿಗೆ ಇಟ್ಟುಕೊಂಡು, ಜಾರದಂತೆ ತನ್ನ ತೋಳಿನಿಂದ ಒತ್ತಿ ಹಿಡಿದು ಹೆಜ್ಜೆ ಹಾಕಿದಳು. ಇವರು ನಕ್ಕರು. ನಕ್ಕರೆ ಬಾಯಿ ಸೊಟ್ಟಗಾಗುತ್ತದೆಂದು ಹೊರಗಿನವರ ಮುಂದೆ ನಗುವುದನ್ನೇ ಬಿಟ್ಟಿದ್ದವರು, ಬಾಯಿ ಪೂರ್ತಿ ಸೊಟ್ಟ ಮಾಡಿಕೊಂಡು ನಕ್ಕರು.

“ನೋಡ್ರಿ ವೈನಿ, ಅಣ್ಣ ಹ್ಯಾಂಗ ಕುಣಿಲತ್ತಾನ,” ಅಂದಳು ನೋಡಲು ಬಂದಿದ್ದ ನಾದಿನಿ. ಅವಳ ಕಣ್ಣು ತುಂಬಿದ್ದವು.

ನನಗೂ ಸಂತೋಷವಾಗಬೇಕಿತ್ತು. ಆಗಲಿಲ್ಲ. ಹೊಟ್ಟೆ ಉರಿಯಿತು. ಎರಡು ವರ್ಷದಲ್ಲಿ ನನಗೆ ಏನಾದರೂ ಅನಿಸಿದ್ದು ಅದೇ ಮೊದಲು, ಅದೂ ಇಂಥದ್ದು. ಆ ಹೆಂಗಸಿನ ಜಡೆ ಹಿಡಿದು ಎಳೆಯಬೇಕು ಅನಿಸಿತು, ಆದರೆ ಅವಳ ಕೂದಲು ಗಿಡ್ಡ ಇತ್ತು.

ಬೀದರಿನ ಬಸ್ಸು ಹತ್ತಿ ಕೂತೆವು. ಊರು ದಾಟುವ ತನಕ ನಾನು ತುಟಿ ಎರಡು ಮಾಡಲಿಲ್ಲ. ಯಾಕ ಸುಮ್ನ ಕುಂತಿ ಎಂದು ಅವರು ಕೇಳಿದರು. ಏನಿಲ್ಲ ಬಿಡ್ರಿ ಅನ್ನಬೇಕೆಂದು ಬಾಯಿ ತೆರೆದೆ, ಬೇರೆಯೇ ಬಂತು.

“ನಾಚಿಕಿ ಆಗಲಿಲ್ಲೇನ್ರಿ ನಿಮಗ? ದಿನಾ ಎಣ್ಣಿ ತಿಕ್ಕಾಕಿ ನಾ. ನನ್ನ ಮುಂದ ಆ ಕೈ ಸತ್ತಂಗ ಬಿದ್ದಿರ್ತದ. ಆಕಿ ಕೇಳಿದ್ರ ಹೊರಗ ಬರ್ತದ.”

ಮುಂದಿನ ಸೀಟಿನವರು ತಿರುಗಿ ನೋಡಿದರು. ನನ್ನ ಗಂಡ ಒಂದೊಂದೇ ಮಾತು ಕೂಡಿಸಿ ಕೇಳಿದರು.

“ನೀ ಯಾವಾಗ ಕೇಳಿದಿ?”

ನಾನು ಕಿಟಕಿಯ ಕಡೆ ತಿರುಗಿದೆ.

“ತಿರುಗಬ್ಯಾಡ. ಬೈ ನನಗ,” ಅಂದರು. “ಎರಡು ವರ್ಷ ಆಯ್ತು. ಎಲ್ಲಾರೂ ಮೆತ್ತಗ ಮಾತಾಡ್ತೀರಿ. ಹೆಣದ ಮುಂದ ಮಾತಾಡ್ದಂಗ.”

ಬೈದೆ. ಆ ಹೆಂಗಸಿನಿಂದ ಶುರು ಮಾಡಿ ಉರುಳಿದ ತಂಬಿಗೆಗೆಲ್ಲ ಬೈದೆ. ಹಲಬರ್ಗಾ ದಾಟಿದ ಮೇಲೆ, ಇಷ್ಟು ದಿನ ಯಾರಿಗೂ ಹೇಳದೆ ಇದ್ದದ್ದು ಬಾಯಿಗೆ ಬಂತು. ಅವರು ಆಸ್ಪತ್ರೆಯಲ್ಲಿದ್ದಾಗ ಡಿಪೋದವರು ಅವರ ಟೂಲ್ ಬಾಕ್ಸ್ ಮನೆಗೆ ತಂದುಕೊಟ್ಟಿದ್ದರು. ಪಾನಾ, ಸ್ಪ್ಯಾನರುಗಳ ಕೆಳಗೆ ಬಿ.ಪಿ. ಗುಳಿಗೆಗಳು ಒಂದರ ಕವಚವನ್ನೂ ಬಿಚ್ಚದೆ ಹಾಗೇ ಇದ್ದವು. ದಿನಾ ಬೆಳಿಗ್ಗೆ ಊಟದ ಡಬ್ಬಿಯ ಜೊತೆ ನಾನೇ ಕೈಗೆ ಕೊಟ್ಟು, ನುಂಗಿದಿರೇನ್ರಿ ಎಂದು ಸಂಜೆ ಕೇಳಿ, ಹೌದು ಅನಿಸಿಕೊಂಡ ಗುಳಿಗೆಗಳು.

“ನನ್ನ ಬಿಟ್ಟು ಹೊಂಟಿದ್ರಿ ನೀವು,” ಅಂದೆ. ಅವರು ತಲೆ ತಗ್ಗಿಸಿ ಹೂಂ ಅಂದರು. ಆಗ ನನಗೆ ಅಳು ಬಂತು.