ಕಾರು ಎಲ್ಲಿಗೆ ಮುಗಿಯುತ್ತದೆ

ನಮ್ಮ ಹುಣಸೂರಿನಲ್ಲಿ ಯಾರೇ ಕಾರನ್ನು ಹಿಂದಕ್ಕೆ ತೆಗೆಯಲಿ, ಅದುವರೆಗೆ ಎಲ್ಲೂ ಕಾಣದಿದ್ದ ಒಬ್ಬ ಮಹಾನುಭಾವ ಎಲೆಯಡಿಕೆ ಅಗಿಯುತ್ತ ಪ್ರತ್ಯಕ್ಷನಾಗಿ ‘ಬರ್ಲಿ, ಬರ್ಲಿ’ ಎಂದು ಕೈಬೀಸತೊಡಗುತ್ತಾನೆ. ಅವನನ್ನು ಯಾರೂ ಕರೆದಿರುವುದಿಲ್ಲ. ಕಾರು ಕಂಬಕ್ಕೆ ತಾಗಿದ ಮೇಲೂ ಅವನು ಅಭ್ಯಾಸಬಲದಿಂದ ಇನ್ನೊಮ್ಮೆ ‘ಬರ್ಲಿ’ ಎನ್ನುವುದುಂಟು. ಮೊಂಡುಬಾಲದ ಹ್ಯಾಚ್‌ಬ್ಯಾಕ್ ಇಟ್ಟುಕೊಂಡವರು ಮಾತ್ರ ಈತನ ಕೃಪೆಯಿಲ್ಲದೆ ಬದುಕಬಲ್ಲರು. ಹಿಂದಿನ ಗಾಜು ಮುಗಿದಲ್ಲಿಗೆ ಕಾರೂ ಮುಗಿಯಿತು. ಗಾಜಿನಾಚೆಗೆ ಕಾಣದ ಒಂದು ಗಜ ಡಿಕ್ಕಿಯನ್ನು ಊಹಿಸಿಕೊಂಡು ನಡುಗುವ ಪ್ರಮೇಯ ಅವರಿಗಿಲ್ಲ.

ನನ್ನಂಥ ಚಡಪಡಿಕೆಯ ಮನುಷ್ಯನಿಗೆ ಇದು ಸಣ್ಣ ಸಮಾಧಾನವಲ್ಲ. ಮೈಲೇಜು, ಇಕ್ಕಟ್ಟಿನ ಬೀದಿ ಎಂದು ಕಾಲೇಜಿನ ಸ್ಟಾಫ್ ರೂಮಿನಲ್ಲಿ ಏನೇ ಕಾರಣ ಕೊಟ್ಟರೂ, ನಾನು ಈ ಕಾರು ಕೊಂಡದ್ದು ಅದು ಎಲ್ಲಿಗೆ ಮುಗಿಯುತ್ತದೆಂದು ಗೊತ್ತಾಗುತ್ತದೆಂಬ ಒಂದೇ ಕಾರಣಕ್ಕೆ. ಇನ್ನೊಂದು ಗುಣವನ್ನು ಆಮೇಲೆ ಕಂಡುಕೊಂಡೆ. ಉದ್ದ ಕಾರುಗಳಲ್ಲಿ ಮನುಷ್ಯರಿಗೊಂದು ಕೋಣೆ, ಸಾಮಾನಿಗೊಂದು ಕೋಣೆ. ಹ್ಯಾಚ್‌ಬ್ಯಾಕಿನಲ್ಲಿ ಆ ಜಾತಿಭೇದವಿಲ್ಲ, ಎಚ್.ಡಿ. ಕೋಟೆಯಿಂದ ಹೇರಿಕೊಂಡು ಬಂದ ಹಲಸಿನಹಣ್ಣು ನೆಂಟರ ಬೆನ್ನ ಹಿಂದೆಯೇ ಕೂತು, ಕೆ.ಆರ್. ನಗರ ತಲುಪುವವರೆಗೆ ಸಂಭಾಷಣೆಯಲ್ಲಿ ಪಾಲ್ಗೊಳ್ಳುತ್ತದೆ.

ಈ ಕಾರನ್ನು ಈಗ ಅಕ್ಕ ಕೇಳಿದ್ದಳು. ಹನಗೋಡಿನಲ್ಲಿ ಹೊಗೆಸೊಪ್ಪು ಬೆಳೆಯುವ ನನ್ನ ಅಕ್ಕ ಐವತ್ತೆಂಟರ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತು, ‘ಇಂದ್ಗಡೆ ಎಲ್ಲಾ ಕಾಣೋ ಕಾರೇ ಬೇಕು ಕಣ್ಲಾ’ ಎಂದು ಪಟ್ಟು ಹಿಡಿದಿದ್ದಳು. ಹೆಂಡತಿಗೂ ದೊಡ್ಡ ಕಾರು ಬೇಕಿತ್ತು. ನಾನೊಬ್ಬ ಮಾತ್ರ ಕ್ಲಚ್ಚು ಸವೆದಿದೆ, ಟೈರು ಹಳೆಯದು ಎಂದು ವಾರ ವಾರವೂ ಮುಂದೂಡುತ್ತಿದ್ದೆ. ಅಸಲು ಕಾರಣ ಬೇರೆ. ಅಕ್ಕನ ಗೋದಾಮಿನ ಮಾಡು ಸೋರಿದ ವರ್ಷ ನಾನು ಇದೇ ಕಾರಿನ ಹಿಂದಿನ ಸೀಟು ಮಡಚಿ, ಅವಳ ಸೊಪ್ಪನ್ನು ಪಿರಿಯಾಪಟ್ಟಣದ ಬಳಿಯ ನಮ್ಮ ತಂದೆಯ ಮನೆಗೆ ಸಾಗಿಸಿ ಉಳಿಸಿದ್ದೆ. ನನ್ನ ಬದುಕಿನಲ್ಲಿ ಹೇಳಿಕೊಳ್ಳುವಂಥ ಸಾಹಸ ಅದೊಂದೇ. ಕಾರಿನೊಂದಿಗೆ ಅದೂ ಗೇಟು ದಾಟಿ ಹೋಗಿಬಿಡುತ್ತದೆಂಬ ಅಂಜಿಕೆ.

ನೆನಪನ್ನು ನಂಬದ ಕಾರಣಕ್ಕೆ ನಾನು ದಿನಚರಿ ಬರೆಯುತ್ತೇನೆ. ಬರೆದದ್ದನ್ನು ಓದುವ ಧೈರ್ಯವಿಲ್ಲದ ಕಾರಣಕ್ಕೆ ನೆನಪನ್ನೇ ನಂಬಿಕೊಂಡಿರುತ್ತೇನೆ. ನನ್ನ ನೆಪಗಳೆಲ್ಲ ಮುಗಿದು, ಕಳೆದ ಭಾನುವಾರ ಅಕ್ಕ ಕಾರು ಒಯ್ಯಲು ಬರುವ ಮುನ್ನ ಆರ್.ಸಿ. ಹುಡುಕುತ್ತಿದ್ದಾಗ ಆ ವರ್ಷದ ದಿನಚರಿ ಕೈಗೆ ಸಿಕ್ಕಿತು. ಸಾಹಸದ ದಿನದ ಪುಟ ತೆಗೆದೆ. ನನ್ನದೇ ಅಕ್ಷರ: ‘ಹುಣಸೂರಿನಲ್ಲಿ ಗೆಳೆಯನ ಜೊತೆ ಕಾಫಿ, ಒಂದೂವರೆ ಗಂಟೆ. ಕಾರು ಬಿಸಿಲಿನಲ್ಲಿತ್ತು. ಕಿಟಕಿ ಹಾಕಿದ್ದೆ. ಸೊಪ್ಪು ಹಪ್ಪಳದಂತಾಗಿದೆ. ಅಕ್ಕ ಏನೂ ಅನ್ನಲಿಲ್ಲ.’

ಸೊಪ್ಪಿನ ಸೀಮೆಯವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ; ಉಳಿದವರಿಗಾಗಿ ಹೇಳುತ್ತೇನೆ. ಸೊಪ್ಪು ಬೇಯಿಸುವ ಮನೆಯಾದ ಬ್ಯಾರನ್ನಿನ ಶಾಖದಲ್ಲಿ ಬೆಂದು ಒಣಗಿದ ಎಲೆಯನ್ನು ಹಾಗೇ ಮುಟ್ಟಿದರೆ ಪುಡಿಯಾಗುತ್ತದೆ. ಅದಕ್ಕೆ ಬೆಳಗಿನ ಥಂಡಿ ಹಿಡಿಸಿ, ಬಟ್ಟೆಯಂತೆ ಮೆತ್ತಗಾದ ಮೇಲೇ ಕೈ ಹಚ್ಚುತ್ತಾರೆ. ಅಕ್ಕ ಹಾಗೆ ಹದ ಮಾಡಿ ನನ್ನ ವಶಕ್ಕೆ ಕೊಟ್ಟು, ತಾನು ಬಸ್ಸಿನಲ್ಲಿ ಮುಂಚಿತವಾಗಿ ತಂದೆಯ ಮನೆಗೆ ಹೋಗಿದ್ದಳು. ನಾನು ಗಾಜುಗಳನ್ನೆಲ್ಲ ಏರಿಸಿ, ಕಾರನ್ನೇ ಇನ್ನೊಂದು ಬ್ಯಾರನ್ ಮಾಡಿ, ಕಾಫಿ ಕುಡಿಯುತ್ತ ಕೂತಿದ್ದೆ. ಮಳೆಯಿಂದ ಉಳಿದದ್ದನ್ನು ನಾನೇ ಪುಡಿ ಮಾಡಿದ್ದೆ. ಆಮೇಲೆ ಇಷ್ಟು ವರ್ಷ, ಮದುವೆ ಮನೆಗಳಲ್ಲಿ, ಅಕ್ಕನ ಎದುರಿಗೇ, ಸೊಪ್ಪು ಉಳಿಸಿದ ಕಥೆ ಹೇಳಿಕೊಂಡು ಬಂದಿದ್ದೆ.

ಹತ್ತು ಗಂಟೆಗೆ ಅಕ್ಕ ಬಂದಳು. ಬಾನೆಟ್ಟಿನ ಕಡೆ ತಿರುಗಿಯೂ ನೋಡದೆ ಹಿಂಬಾಗಿಲನ್ನು ಮೇಲೆತ್ತಿ, ತಲೆ ಒಳಗೆ ಹಾಕಿ ಮೂಸಿದಳು. ಹೇಳದೆ ಬೀಗದ ಕೈ ಕೊಟ್ಟುಬಿಡಬಹುದಿತ್ತು. ಕೊಡುವವನಂತೆ ಕೈ ಚಾಚಿದವನು ಹಿಂದಕ್ಕೆಳೆದುಕೊಂಡೆ. ಎರಡು ಸಲ ಹಾಗಾಯಿತು. ಕೊನೆಗೆ, ‘ಅವತ್ತು ಸೊಪ್ಪು ಹಾಳು ಮಾಡಿದ್ದು ನಾನೇ ಅಕ್ಕ. ಕಿಟಕಿ ಹಾಕ್ಬಿಟ್ಟು ಕಾಫಿಗೆ ಹೋಗಿದ್ದೆ’ ಎಂದೆ.

ಅಕ್ಕ ತಲೆ ಹೊರಗೆ ತೆಗೆಯಲಿಲ್ಲ. ‘ಅವತ್ತು ಡೋರ್ ತೆಗ್ದಾಗ್ಲೇ ಗೊತ್ತಾಯ್ತು ಕಣಪ್ಪ. ಒಲೆ ಮುಂದೆ ಕೂತಂಗೆ ಮುಖಕ್ಕೆ ರಾಚ್ತು.’

‘ಮತ್ತೆ ಇಷ್ಟು ವರ್ಷ ಯಾಕೆ ಸುಮ್ನಿದ್ದೆ?’

‘ನೀನು ಅದನ್ನ ಏಳ್ಕೊಂಡು ಎಷ್ಟು ಕುಸಿಯಾಗಿದ್ದೆ. ಸೊಪ್ಪಂತೂ ಓಯ್ತು, ಅದಾದ್ರೂ ಇರ್ಲಿ ಬುಡು ಅಂದ್ಕೊಂಡೆ.’

ಬೀಗದ ಕೈ ಅವಳ ಅಂಗೈಯಲ್ಲಿಟ್ಟೆ. ಅವಳು ಕೂಡಲೇ ಹತ್ತಲಿಲ್ಲ. ಕಾರಿಗೆ ಒಂದು ಸುತ್ತು ಬಂದು, ಒಂದೊಂದೇ ಬಾಗಿಲು ತೆಗೆದು, ಒಳಗಿನ ಹಿಡಿಕೆ ತಿರುಗಿಸಿ ನಾಲ್ಕೂ ಗಾಜು ಇಳಿಸಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಕೂತು ರಿವರ್ಸ್ ಗೇರ್ ಹಾಕಿದಳು. ನಾನು ಗೇಟಿನ ಕಂಬದ ಪಕ್ಕ ಓಡಿಹೋಗಿ ನಿಂತು, ಯಾರೂ ಕರೆಯದಿದ್ದರೂ, ‘ಬರ್ಲಿ, ಬರ್ಲಿ’ ಎಂದೆ.

‘ಅತ್ಲಾಗೆ ನಿಂತ್ಕೊ’ ಎಂದಳು ಅಕ್ಕ, ‘ನಂಗೆ ಕಾಣ್ತದೆ.’

ಕಂಬಕ್ಕೆ ಒಂದು ಗೇಣು ಬಿಟ್ಟು ಕಾರು ರಸ್ತೆಗೆ ತಿರುಗಿತು. ಬೀಸುತ್ತಿದ್ದ ಕೈಯನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ ನಾನು ಪಕ್ಕಕ್ಕೆ ಸರಿದೆ.