ತೀರ್ಥದ ಡಬ್ಬಿಗೆ ಮೊಳೆ ಹೊಡೆದವರು

ಅವರ ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಬೆರಳುದ್ದದ ಮೊಳೆಯೊಂದು ಇರುತ್ತಿತ್ತು. ಜೇಬಿನ ತುಂಬ ತುಕ್ಕಿನ ಕಲೆ. ನಿಂಬರ್ಗಾದ ದನದ ಡಾಕ್ಟರು ಅವರು. ತೊಗರಿಯ ಹುಳಕ್ಕೆ ಹೊಡೆಯುವ ವಿಷದ ಖಾಲಿ ಡಬ್ಬಿ ಎಲ್ಲಿ ಕಂಡರೂ ಕಲ್ಲೊಂದು ಹುಡುಕಿ, ತಳಕ್ಕೆ ಆ ಮೊಳೆ ಜಡಿದು ತೂತು ಮಾಡುತ್ತಿದ್ದರು. ಜನ ಬೈಯುತ್ತಿದ್ದರು. ಗಟ್ಟಿ ಮುಚ್ಚಳದ ಡಬ್ಬಿಯನ್ನು ಯಾರು ಬಿಸಾಡುತ್ತಾರೆ?

ನಾವೂ ಬಿಸಾಡಿರಲಿಲ್ಲ. ಬರೆಯಲು ಈಗಲೂ ಹೇಸಿಗೆಯಾಗುತ್ತದೆ. ಬೂದಿ ಹಾಕಿ ತಿಕ್ಕಿ, ಅದರಲ್ಲೇ ಭಾಗ್ಯವಂತಿ ದೇವಿಯ ಘತ್ತರಗಿಯಿಂದ ಭೀಮಾ ಹೊಳೆಯ ನೀರು ತಂದಿಟ್ಟಿದ್ದೆ. ಎರಡು ಬಸಿರು ಇಳಿದುಹೋಗಿ ಮೂರನೆಯದು ನಿಂತಿತ್ತು. ದಿನಾ ದೇವಿಯನ್ನು ನೆನೆದು ಒಂದು ಚಮಚ ಕುಡಿಯುತ್ತಿದ್ದೆ.

ಆ ವರ್ಷ ನಮ್ಮ ಎಮ್ಮೆಯೂ ದಿನ ತುಂಬದೆ ಕಂದು ಹಾಕಿತ್ತು. ನೋಡಲು ಬಂದ ಡಾಕ್ಟರು ಮೊದಲು ಅದು ನೀರು ಕುಡಿಯುವ ಡ್ರಮ್ ಮೂಸಿದರು. ಅದೂ ವಿಷದ್ದೇ. ನಾನು ತೀರ್ಥ ಕೊಟ್ಟೆ. ಅಂಗೈಯಲ್ಲಿ ಹಿಡಿದು ಅದನ್ನೂ ಮೂಸಿದರು, ಕುಡಿಯಲಿಲ್ಲ.

"ತಂಗಿ, ಇದನ್ನ ಯಾವದ್ರಾಗ ಇಟ್ಟೀ?"

ಡಬ್ಬಿ ತೋರಿಸಿದೆ. ಅವರು ಮುಖ ಕಿವುಚಿದರು.

"ಮೂರು ಸರ್ತಿ ತೊಳದೇವ್ರಿ ಸಾಹೇಬ್ರ," ಎಂದರು ನಮ್ಮ ಅತ್ತೆ. "ದೇವಿ ನೀರಿಗೆ ವಿಷ ಹತ್ತತದೇನು?"

"ದೇವಿಗೆ ಹತ್ತೂದಿಲ್ರಿ ಅವ್ವಾರ, ಸೊಸಿಗೆ ಹತ್ತತದ. ಬಸರ ನಿಂದ್ರಸೋ ರಸ ಕೀಲಿಕೈ ಇದ್ದಂಗ, ಅದಕ್ಕ ಮೈಯಾಗ ಒಂದು ಕೀಲಿ ಇರ್ತದ. ಈ ವಿಷ ಕಳ್ಳ ಕೀಲಿಕೈ ಇದ್ದಂಗ. ಎಮ್ಮಿ ಕೀಲಿಗೂ ನಮ್ಮ ಕೀಲಿಗೂ ಭಾಳ ಫರಕ್ ಇಲ್ಲ."

ನನಗೆ ಸಿಟ್ಟು ಬಂತು. "ನಾ ಎಮ್ಮಿ ಏನ್ರಿ?"

"ಎಮ್ಮಿಗೆ ಆದದ್ದು ನಿನಗ ಆಗ್ತದೋ ಇಲ್ಲೋ, ಖರೇ ನನಗೂ ಗೊತ್ತಿಲ್ಲವ್ವಾ. ಗೊತ್ತಾಗೂತನಾ ಕುಡಕೋತ ಕುಂದರ್ತಿ ಏನು?"

ಅಷ್ಟಂದು ತೀರ್ಥವನ್ನು ತಿಪ್ಪೆಗೆ ಸುರಿದರು. ಮೊಳೆ ಇಟ್ಟು ಕಲ್ಲಿನಿಂದ ಹೊಡೆದರು. ಅತ್ತೆ ಎದೆ ಬಡಿದುಕೊಂಡು, ಇನ್ನು ಈ ಹೊಸ್ತಿಲು ತುಳಿಯಬೇಡಿರೆಂದು ಅವರಿಗೆ ಹೇಳಿದರು. ನಾನು ಬಗ್ಗಿ ತೂತಿನ ಹತ್ತಿರ ಮೂಗು ಒಯ್ದೆ. ಇಷ್ಟು ದಿನ ಊದುಬತ್ತಿಯ ಘಮದಲ್ಲಿ ಮುಚ್ಚಿಹೋಗಿದ್ದ, ವಿಷ ಹೊಡೆದ ಹೊಲದ ವಾಸನೆ! ಹಿತ್ತಲಿಗೆ ಓಡಿ ವಾಂತಿ ಮಾಡಿದೆ. ಅದು ಬಸಿರಿನ ವಾಂತಿಯಲ್ಲ.

ಮಗಳು ಹುಟ್ಟಿದಳು. ಮರುವರ್ಷ ಎಮ್ಮೆಯೂ ಈಯಿತು. ಡಬ್ಬಿ ಹೋದದ್ದರಿಂದಲೋ, ದೇವಿಯ ದಯೆಯಿಂದಲೋ ಹೇಳಲಾರೆ. ಎರಡಕ್ಕೂ ಕೈಮುಗಿದೆ.

ಡಾಕ್ಟರು ತೀರಿಕೊಂಡ ಸುದ್ದಿ ಕೇಳಿ ಮಗಳನ್ನು ಕರೆದುಕೊಂಡು ಹೋದೆ. ಅವರ ಹೆಂಡತಿಯಿಂದ ಮೊಳೆಯನ್ನು ಕೇಳಿ ಪಡೆದೆ. ಅದೀಗ ದೇವರ ಜಗಲಿಯ ಮೇಲೆ ಇದೆ. ದಿನಾ ಅದಕ್ಕೂ ವಿಭೂತಿ ಹಚ್ಚುತ್ತೇನೆ. ಘತ್ತರಗಿಗೆ ಹೋಗುವ ದಿನ ಮಾತ್ರ ಸೆರಗಿಗೆ ಕಟ್ಟಿಕೊಳ್ಳುತ್ತೇನೆ. ತೀರ್ಥ ತುಂಬಲು ವಿಷದ ಡಬ್ಬಿ ಹಿಡಿದು ಬರುವವರು ಅಲ್ಲಿ ಈಗಲೂ ಇದ್ದಾರೆ. ಕಲ್ಲು ಹೊಳೆಯ ದಂಡೆಯಲ್ಲೇ ಸಿಗುತ್ತದೆ.